ಠೇವಣಿ ಇಟ್ಟ ಧ್ವನಿ

ಇಂದುಮತಿ ಹಂಚಿನಮನಿಯವರನ್ನು ಹೈಕೋರ್ಟಿನ ನ್ಯಾಯಮೂರ್ತಿಯನ್ನಾಗಿ ಮಾಡಬೇಕೆಂಬ ಶಿಫಾರಸು ದಿಲ್ಲಿಯಿಂದ ಮತ್ತೆ ವಾಪಸು ಬಂತು. ಕುರ್ಚಿಯ ಆಸೆ ಅವರಿಗೆ ಎಂದೋ ಹೋಗಿತ್ತು. ಧ್ವನಿಯ ಆಸೆ ಹೋಗಿರಲಿಲ್ಲ.

ಮದುವೆಯಾದ ಹೊಸತರಲ್ಲಿ, ಸರ್ಕಾರಿ ವಕೀಲರಾಗಿ ಸೇರಿದ ದಿನ, ಎಲ್ಲರಂತೆ ಅವರೂ ಸ್ವಂತ ಧ್ವನಿಯನ್ನು ಧಾರವಾಡದ ಧ್ವನಿ ಖಜಾನೆಯಲ್ಲಿ ಠೇವಣಿ ಇಟ್ಟು ಸರ್ಕಾರದ ಗಡಸು ಧ್ವನಿ ಪಡೆದಿದ್ದರು. ಇಟ್ಟದ್ದನ್ನು ಮರಳಿ ಕೊಡುವುದು ನ್ಯಾಯಮೂರ್ತಿಯಾದವರಿಗೆ ಮಾತ್ರ. ಸರ್ಕಾರಿ ವಕೀಲರೆಲ್ಲರದೂ ಒಂದೇ ಧ್ವನಿಯಾದ್ದರಿಂದ, ಇಂದುಮತಿ ಫೋನು ಮಾಡಿದಾಗೆಲ್ಲ ಗಂಡ ವಿರೂಪಾಕ್ಷಪ್ಪ ಇಂದಿಗೂ "ಯಾರ್ ಮಾತಾಡೂದ್ರಿ?" ಎಂದು ಕೇಳುತ್ತಿದ್ದರು. "ನಾನ್ರೀ, ನಿಮ್ಮ ಹೇಣ್ತಿ" ಎಂದು ಸರ್ಕಾರ ಹೇಳುತ್ತಿತ್ತು.

ಶಿಫಾರಸು ಎರಡು ಸಲ ವಾಪಸಾದವರಿಗೆ ಸಮಾಧಾನಕ್ಕೆಂದು ಅವರ ಧ್ವನಿಯನ್ನು ಒಂದು ಸಲ ಕೇಳಿಸುವುದು ಖಜಾನೆಯ ವಾಡಿಕೆ. ಗಂಡನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಇಂದುಮತಿ ಒಳಗೆ ಹೋದರು.

"ಕುಂದರ್ರಿ ಮೇಡಂ," ಎಂದ ಗುಮಾಸ್ತ, ತಾಮ್ರದ ಡಬ್ಬಿಯ ಧೂಳು ಒರೆಸುತ್ತ. "ಇಟ್ಟ ದಿನಾ ಕಡೀಕ ಏನ್ ಅಂದಿದ್ರಿ, ಅದಷ್ಟ ಕೇಳಸ್ತದ ನೋಡ್ರಿ."

ಏನಂದಿದ್ದೆನೆಂದು ಅವರಿಗೆ ನೆನಪೇ ಇರಲಿಲ್ಲ. ಗುಮಾಸ್ತ ಮುಚ್ಚಳ ತಿರುವಿದ.

ತುಸು ನಗು ಬೆರೆತ ಎಳೆಯ ಹೆಣ್ಣುದನಿ ಕೋಣೆಯ ತುಂಬ ಹರಡಿತು: "ಹೊರಗ ಕುಂತಿರ್ರಿ, ಈಗ ಬಂದೆ."

ಗುಮಾಸ್ತ ಡಬ್ಬಿ ಮುಚ್ಚಿದ.

ಬಾಗಿಲಾಚೆಯ ಬೆಂಚಿನಿಂದ ವಿರೂಪಾಕ್ಷಪ್ಪ, ಯಾರೆಂದು ಕೇಳದೆಯೇ, ಉತ್ತರ ಕೊಟ್ಟರು: "ಹೂಂ ಇಂದೂ, ಇಲ್ಲೇ ಕುಂತೇನಿ."