ಕಾರ್ಡ್ ಹೆಚ್ಚಿತು

"ತಡೀರಿ, ಅದನ್ನ ಒತ್ತಬೇಡಿ!" ಪಾವನಾ ಗಂಡನ ಕೈಯನ್ನು ಮೌಸಿನ ಮೇಲೆಯೇ ಹಿಡಿದಳು. ಅವರ ಮನೆಲೆಕ್ಕದ ಸಾಫ್ಟ್‌ವೇರ್, ಹಳೆಯ ಕ್ರೆಡಿಟ್ ಕಾರ್ಡಿನ ಖಾತೆಯನ್ನು ಅಳಿಸಿಬಿಡಲೇ ಎಂದು ಕೇಳುತ್ತಿತ್ತು.

"ಕಾರ್ಡ್ ಒಡೆದುಹೋಯ್ತು, ಬ್ಯಾಂಕಿನವರು ಹೊಸ ನಂಬರಿಂದು ಕಳಿಸಿದಾರೆ. ಹಳೇ ಅಕೌಂಟ್ ಡಿಲೀಟ್ ಮಾಡಿ ಹೊಸದು ಶುರು ಮಾಡೋದು, ಅಷ್ಟೆ. ಸಾಫ್ಟ್‌ವೇರ್ ಇಂಜಿನಿಯರ್ ನಾನೋ ನೀನೋ?" ಎಂದ ಬದರಿ.

"ಒಡೀತು ಅನ್ನಬೇಡಿ, ಹೆಚ್ಚಿತು ಅನ್ನಿ." ಬಳೆ ಒಡೆದಾಗಲೆಲ್ಲ, 'ಒಡೀತು' ಅನ್ನೋದು ಅಶುಭವೆಂದು, ಅವಳ ಅಜ್ಜಿ ಪುಟ್ಟಗೌರಮ್ಮ ಹೀಗೇ ತಿದ್ದುತ್ತಿದ್ದಳು. ಪಾವನಾ ಪಟ್ಟಿಯನ್ನು ಮೇಲಕ್ಕೆ ಸರಿಸಿದಳು. ಪರದೇಶದ ಈ ಚಳಿಯೂರು ನಾರ್‌ಶೋಪಿಂಗ್‌ಗೆ ಬಂದ ಮೊದಲ ವಾರ ಕೊಂಡ ಎರಡು ಚಳಿಕೋಟು, ಉಮೆಯೊ ಊರಿಗೆ ಹೋದ ರೈಲಿನ ಟಿಕೆಟ್ಟು, ಮಗಳ ತೊಟ್ಟಿಲು: ಮೂರು ವರ್ಷದ ಬದುಕು ಆ ಖಾತೆಯೊಳಗಿತ್ತು. ಅಳಿಸಿದರೆ ಅಷ್ಟೂ ಹೋಗುತ್ತಿತ್ತು. "ಬಳೆ ಹೆಚ್ಚಿದರೆ ಬಳೆ ಬದಲಾಯಿಸ್ತಾರೆ ರೀ, ಕೈಯನ್ನಲ್ಲ."

ಖಾತೆಯ ವಿವರ ತೆರೆದು, ಹಳೆಯ ನಂಬರನ್ನಷ್ಟೇ ಒರೆಸಿ, ಹೊಸ ಕಾರ್ಡಿನ ಹದಿನಾರು ಅಂಕಿಗಳನ್ನು ಮಗುವಿನ ಕೈಗೆ ಬಳೆ ತೊಡಿಸುವಷ್ಟು ಮೆತ್ತಗೆ ಒಂದೊಂದಾಗಿ ಒತ್ತಿದಳು. ಆಮೇಲೆ ಪಟ್ಟಿಗೆ ಹಿಂತಿರುಗಿ ನೋಡಿದಳು. ತೊಟ್ಟಿಲು ಇದ್ದಲ್ಲೇ ಇತ್ತು.

ಬದರಿ ಪರದೆಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಕುರ್ಚಿ ಬಿಟ್ಟು ಎದ್ದ. "ನಾಳೆ ಆಫೀಸಲ್ಲಿ ಫಿಕಾ ಬ್ರೇಕಲ್ಲಿ ಕಾಫಿ ಕುಡೀತಾ ಎಲ್ಲರಿಗೂ ಹೇಳ್ತೀನಿ, ನಮ್ಮನೆ ಇಂಜಿನಿಯರ್ ಯಾರು ಅಂತ."

"ಧಾರಾಳವಾಗಿ ಹೇಳಿ." ಪಾವನಾ ಆ ಕುರ್ಚಿಯ ಮೇಲೆ, ಕತೆ ಹೇಳಲು ಕೂರುತ್ತಿದ್ದ ಅಜ್ಜಿಯ ಹಾಗೆ, ಚಕ್ಕಳಮಕ್ಕಳ ಹಾಕಿ ಕೂತಳು. "ಅವರ ಹೆಸರು ಪುಟ್ಟಗೌರಮ್ಮ."