ದುಗ್ಗಮ್ಮ ತಂದ ಮೊಟ್ಟೆ

ದುಗ್ಗಮ್ಮ ಬಾಳೆಲೆಯ ಕಟ್ಟನ್ನು ಜಗಲಿಯಲ್ಲಿಟ್ಟು ಬಿಚ್ಚಿದಳು. ಒಳಗೆ ಎರಡು ಮೊಟ್ಟೆ. ಕರಿಮೆಣಸಿನ ಪುಡಿ ಹಾಕಿ ತೆಂಗಿನೆಣ್ಣೆಯಲ್ಲಿ ಹುರಿದದ್ದು, ಬಿಸಿ ಇನ್ನೂ ಆರಿರಲಿಲ್ಲ.

"ತಿನ್ನಿ ಅಮ್ಮ. ಇಲ್ಲೇ ನನ್ನೆದುರು ತಿನ್ನಬೇಕು. ಒಳಗೆ ಕೊಂಡುಹೋದರೆ ಮಕ್ಕಳ ಬಾಯಿಗೆ ಹಾಕ್ತೀರಿ, ನನಗೆ ಗೊತ್ತುಂಟು," ಎಂದು ಕಂಬಕ್ಕೆ ಒರಗಿ ಕೂತಳು.

ಏಲಿಯಮ್ಮ ಉಟ್ಟ ಬಿಳಿ ಮುಂಡಿನ ತುದಿಗೆ ಕೈ ಒರಸಿಕೊಳ್ಳುತ್ತ ನಿಂತುಬಿಟ್ಟಳು. ಕ್ರಿಸ್ಮಸ್ಸಿಗೆ ಇನ್ನೆರಡೇ ದಿನ. ಹಬ್ಬಕ್ಕೆ ಮುಂಚೆ ಹಿಡಿಯುವ ಇಪ್ಪತ್ತೈದು ದಿನದ ನೋಂಬಿನಲ್ಲಿ ಅಂದಿಗೆ ಇಪ್ಪತ್ತಮೂರು. ಮೀನು, ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟುವಂತಿಲ್ಲ. ಬಿಟ್ಟುಬಂದ ಊರು ಪಾಲಾದಲ್ಲಿ ಅಜ್ಜಿಯ ಕಾಲದಿಂದ ನಡೆದುಬಂದದ್ದು. ಈ ವರ್ಷ ಅದಕ್ಕೊಂದು ಹರಕೆಯೂ ಸೇರಿತ್ತು. ಕಾಡು ಕಡಿದು ಕೋಡಿಂಬಾಳದಲ್ಲಿ ಗುಡಿಸಲು ಹಾಕಿದ ಎರಡನೆಯ ವರ್ಷಕ್ಕೇ, ಅಂದರೆ ೧೯೫೮ರಲ್ಲಿ, ಗಂಡ ಮತ್ತಾಯಿಗೆ ಮಲೆಜ್ವರ ಹಿಡಿದಿತ್ತು. ದಿನ ಬಿಟ್ಟು ದಿನ ಚಳಿ. ಒಂದು ಚೂರೂ ಲೋಪವಿಲ್ಲದೆ ನೋಂಬು ಮುಗಿಸುತ್ತೇನೆ, ಈ ಮನುಷ್ಯ ಎದ್ದು ಓಡಾಡಲಿ ಎಂದು ಅವಳು ದೇವಮಾತೆಯ ಪಟದ ಮುಂದೆ ಹೇಳಿಕೊಂಡಿದ್ದಳು.

"ಇದೆಲ್ಲ ಯಾಕೆ ದುಗ್ಗಕ್ಕ?"

"ಯಾಕೆ ಅಂತ ಕೇಳ್ತೀರಾ? ನನಗೆ ಕಣ್ಣಿಲ್ವಾ? ಸಾಹುಲ್ ಹಮೀದ್ ಮೀನಿನ ಬುಟ್ಟಿ ಹೊತ್ತುಕೊಂಡು ಅಂಗಳದವರೆಗೆ ಬರ್ತಾನೆ, ನೀವು ಒಳಗಿಂದಲೇ ಬೇಡ ಅಂತೀರಿ. ಮೂರು ವಾರ ಆಯ್ತು. ಕೆಳಗಿನ ಮನೆ ದೇವಕಿಯ ಹಾಲನ್ನೂ ನಿಲ್ಲಿಸಿದ್ದೀರಿ. ಹೊತ್ತು ಹೊತ್ತಿಗೂ ಗಂಜಿ ಚಟ್ನಿ, ಗಂಜಿ ಚಟ್ನಿ. ಗಂಡಸು ಮಲಗಿದ ಮನೆ ಹೇಗಿರ್ತದೆ ಅಂತ ನನಗೆ ಯಾರೂ ಹೇಳಿಕೊಡುದು ಬೇಡ. ನಾನು ಉಂಡು ಮುಗಿಸಿದ ಕಷ್ಟ ಅದು."

ದುಗ್ಗಮ್ಮನ ಗಂಡ ಸತ್ತು ಆರು ವರ್ಷವಾಗಿತ್ತು. ಮತ್ತಾಯಿ ಹಾಸಿಗೆ ಹಿಡಿದ ಮೇಲೆ ಮರಗೆಣಸಿನ ಸಾಲು ಕೆತ್ತಿ ಮಣ್ಣು ಏರಿಸುವುದೆಲ್ಲ ಅವಳ ಕೆಲಸವೇ. ಈಚೆಗೆ ಹತ್ತು ದಿನಗಳಿಂದ ಮಧ್ಯಾಹ್ನದ ಗಂಜಿಗೆ ಕರೆದರೆ, "ನನಗೆ ಹೊಟ್ಟೆ ಸರಿ ಇಲ್ಲ" ಎನ್ನುತ್ತ ಸಾಲಿನ ನಡುವೆಯೇ ಕೂತು ಎಲೆಯಡಿಕೆ ಹಾಕುತ್ತಿದ್ದಳು. ಹೊಟ್ಟೆ ಯಾಕೆ ಸರಿಯಿರಲಿಲ್ಲ ಎಂಬುದು ಏಲಿಯಮ್ಮನಿಗೆ ಆಗ ತಿಳಿಯಿತು.

"ನಿಮಗಿರುವುದೇ ಒಂದು ಕೋಳಿ. ಕಾವಿಗೆ ಕೂರಿಸಬೇಕು ಅಂತಿದ್ದಿರಲ್ಲ?"

"ಕೋಳಿಗೆ ಎಂತ, ನಾಳೆಯೂ ಇಡ್ತದೆ. ನೀವು ಬಿದ್ದರೆ ಈ ಮಕ್ಕಳನ್ನು ನೋಡ್ಲಿಕ್ಕೆ ಪಾಲಾದಿಂದ ಯಾರು ಬರುದು? ಮಾತು ಸಾಕು ಮಾರಾಯ್ತಿ, ಆರಿಹೋಗ್ತದೆ."

ಇದು ನೋಂಬು ಎಂದು ಹೇಳಿಬಿಡಬಹುದಿತ್ತು. ಮಾತು ನಾಲಿಗೆಯ ತುದಿವರೆಗೆ ಬಂದಿತ್ತು. ಅಕ್ಕಿಗೆ ಕೊರತೆಯಿಲ್ಲ, ಹಬ್ಬಕ್ಕೆ ನೆಲ್ಯಾಡಿಯಿಂದ ಅಣ್ಣ ಪೌಲೋಸ್ ಕೋಳಿ ತರುತ್ತಾನೆ, ನಾವು ಬೇಕೆಂದೇ ಬಿಟ್ಟದ್ದು ಎಂದರೆ ಮುಗಿಯಿತು. ಆದರೆ ಈ ಮನೆಯ ಗಂಜಿ ಉಳಿಯಲಿ ಎಂದು ಹತ್ತು ದಿನ ಹಸಿದುಕೊಂಡು ಗುದ್ದಲಿ ಹಿಡಿದವಳ ಮುಖ ನೋಡಿ ಅದನ್ನು ಹೇಳುವುದು ಹೇಗೆ? ಒಳಗೆ ಮತ್ತಾಯಿ ಕೆಮ್ಮಿದ. ಏಲಿಯಮ್ಮ ಒಮ್ಮೆ ಆ ಕಡೆ ನೋಡಿದಳು. ಆಮೇಲೆ ಕೂತು, ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಎರಡನ್ನೂ ತಿಂದಳು.

"ಮೆಣಸು ಜೋರಾಯ್ತಾ? ಕಣ್ಣಲ್ಲಿ ನೀರು ಬಂತಲ್ಲ."

"ಇಲ್ಲ ದುಗ್ಗಕ್ಕ. ರುಚಿ ಉಂಟು."

ದುಗ್ಗಮ್ಮ ಎಲೆ ಮಡಚಿ ಬಾಳೆಬುಡಕ್ಕೆ ಎಸೆದು, ಏನೂ ಆಗದವಳ ಹಾಗೆ ಕೆಲಸಕ್ಕೆ ಹೋದಳು.

ಸ್ವಲ್ಪ ಹೊತ್ತಿಗೆ ಮತ್ತಾಯಿಗೆ ಚಳಿ ಬಂತು. ಬರುವ ದಿನವೇ ಆಗಿತ್ತು. ಆದರೂ ಕಂಬಳಿ ಹೊದಿಸುತ್ತ ಏಲಿಯಮ್ಮ ಆದದ್ದೆಲ್ಲ ಹೇಳಿ, "ಹರಕೆ ಮುರಿದೆ. ನನ್ನಿಂದಲೇ ಬಂತು ಇದು," ಎಂದಳು.

ಮತ್ತಾಯಿಗೆ ಹಲ್ಲು ಕಟಕಟಿಸುತ್ತಿತ್ತು. "ಮೊಟ್ಟೆ ತಿಂದವಳು ನೀನು, ಚಳಿ ನನಗೆ. ದೇವರಿಗೆ ಅಷ್ಟೂ ಆಳಿನ ಗುರುತು ಸಿಗುವುದಿಲ್ಲವಾ ಏಲಿ?" ಎಂದು ಗೋಡೆ ಕಡೆ ತಿರುಗಿ ಮಲಗಿದ.

ಕ್ರಿಸ್ಮಸ್ಸಿನ ದಿನ ಮತ್ತೆ ಚಳಿಯ ಸರದಿ. ಬಂತು, ಆದರೆ ಎಂದಿನಂತೆ ಸಂಜೆಯವರೆಗೆ ಕಾಡದೆ ಹನ್ನೊಂದಕ್ಕೆಲ್ಲ ಬಿಟ್ಟಿತು. ಮತ್ತಾಯಿ ಎದ್ದು ಕೂತು ಹಬ್ಬಕ್ಕೆ ಹೊಯ್ದ ಅಕ್ಕಿಯ ಅಪ್ಪ ಬೇಕೆಂದ. ಅವನು ಎರಡನೆಯದಕ್ಕೆ ಕೈ ಚಾಚಿದ್ದನ್ನು ನೋಡಿದ ಮೇಲೆಯೇ ಏಲಿಯಮ್ಮ ಪಾತ್ರೆಯೊಂದಕ್ಕೆ ಕೋಳಿಸಾರು ತುಂಬಿ, ಮೇಲೆ ಹತ್ತು ಅಪ್ಪ ಮುಚ್ಚಿಕೊಂಡು ದುಗ್ಗಮ್ಮನ ಗುಡಿಸಲಿಗೆ ನಡೆದಳು.

ದುಗ್ಗಮ್ಮ ಅಪ್ಪಗಳನ್ನು ಸರಿಸಿ ಇಣುಕಿದಳು. "ಕೋಳಿ! ಎಲ್ಲಿಂದ ಬಂತು?"

"ಅಣ್ಣ ತಂದದ್ದು. ಇವತ್ತು ನಮ್ಮ ಹಬ್ಬ."

"ಸದ್ಯ, ನಿಮಗೂ ಒಬ್ಬರು ಇದ್ದಾರಲ್ಲ." ದುಗ್ಗಮ್ಮ ಒಳಗಿಂದ ಬಟ್ಟಲು ತಂದು ಎರಡೇ ಅಪ್ಪ ಇಟ್ಟುಕೊಂಡಳು, ಅದರ ಮೇಲೆ ಒಂದು ಸೌಟು ಸಾರು ಸುರಿದುಕೊಂಡಳು. ಉಳಿದದ್ದನ್ನು ಮೊದಲಿನಂತೆ ಮುಚ್ಚಿ, ಪಾತ್ರೆಯನ್ನು ಏಲಿಯಮ್ಮನ ಕೈಗೇ ಇಟ್ಟಳು.

"ಇದನ್ನು ಕೊಂಡುಹೋಗಿ ತೆಗೆದಿಡಿ. ಅಣ್ಣ ದಿನಾ ಬರ್ತಾರಾ? ಸಿಕ್ಕಿದ ದಿನವೇ ಹೀಗೆ ಊರಿಗೆಲ್ಲ ಹಂಚಿದರೆ, ನಾಳೆ ನಿಮಗೆ ಮತ್ತೆ ಅದೇ ಗಂಜಿ."