ಹೆಚ್ಚು ಹೆದರಿಸಿದ್ದು ಯಾವುದು?

“ಸ್ವಲ್ಪ ಹಿಂದ ತಗೋವಾ ಅದನ್ನ,” ಎಂದಳು ಕಾಲೇಜು ಕ್ಯಾಂಟೀನಿನ ಗೋದುಬಾಯಿ, ಲ್ಯಾಪ್‌ಟಾಪಿಗೆ ಮುಖ ತಂದು. ರೂಪಾಲಿಗೆ ಖುಷಿಯಾಯಿತು. ಅವಳು ತೆಗೆಯುತ್ತಿದ್ದ ಹೆದರಿಕೆಯ ಸಿನಿಮಾದ ಮೊದಲ ಎರಡು ನಿಮಿಷವನ್ನು ಬೆಳಗಿನಿಂದ ಹದಿನಾಲ್ಕು ಜನ ನೋಡಿದ್ದರು. ‘ಹೆಚ್ಚು ಹೆದರಿಸಿದ್ದು ಯಾವುದು?’ ಎಂಬ ಪ್ರಶ್ನೆಗೆ ಎಲ್ಲರೂ ‘ಮ್ಯೂಸಿಕ್’ ಎಂದೇ ಬರೆದಿದ್ದರು. ಮತ್ತೊಮ್ಮೆ ತೋರಿಸು ಎಂದವಳು ಇವಳೊಬ್ಬಳೇ.

ಪರದೆಯ ಮೇಲೆ ರೂಪಾಲಿಯ ತಂಗಿ ಅನ್ನಪೂರ್ಣಾ ಜಲಕನ್ಯೆಯ ವೇಷದಲ್ಲಿ, ಮೌಳಂಗಿಯ ಹೊಳೆಗೆ ಬೆನ್ನು ಮಾಡಿ, ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು.

“ಎಲ್ಲಿ ಅಂಜಿಕಿ ಬಂತ್ರಿ ಮಾವಶಿ?” ರೂಪಾಲಿ ಬರೆದುಕೊಳ್ಳಲು ಪೆನ್ನು ತೆಗೆದಳು.

ಗೋದುಬಾಯಿ ಹಿಟ್ಟು ಮೆತ್ತಿದ ಬೆರಳನ್ನು ಅನ್ನಪೂರ್ಣಾಳ ಬೆನ್ನ ಹಿಂದಿಟ್ಟಳು. “ಈ ಕೊರಡು ನೀವು ಇಟ್ಟಿದ್ದೇನು?”

“ಇಲ್ರಿ, ಅದ ತೇಲಿ ಬಂದಿತ್ತು.”

“ಹೊಳಿ ಆ ಕಡೆ ಹರಿಯಾಕತ್ತೈತಿ, ಇದು ಈ ಕಡೆ ಬರಾಕತ್ತೈತಿ. ಕೊರಡು ಎಂದಾದ್ರೂ ಹೊಳಿಗೆ ಎದುರ ಈಸ್ತೈತೇನು? ಮೊಸಳಿ ಅದು!”

ಆ ಶಾಟು ಅಲುಗಾಡಿದೆ, ಮತ್ತೆ ತೆಗೆಯಬೇಕು ಎಂದು ಕ್ಯಾಮೆರಾದ ಮಲ್ಲೇಶ ಅನ್ನಪೂರ್ಣಾಳನ್ನು ಕರೆದುಕೊಂಡು ಈಗ ಅಲ್ಲಿಗೇ ಹೋಗಿದ್ದ. ಹೊರಡುವಾಗ ರೂಪಾಲಿಯೇ ತಂಗಿಗೆ ತಾಕೀತು ಮಾಡಿದ್ದಳು: “ಏನ ಸಪ್ಪಳಾದ್ರೂ ಹಿಂದ ತಿರುಗಬ್ಯಾಡ. ಕಟ್ ಅನ್ನೂತನಕ ಅಲ್ಲಾಡಬ್ಯಾಡ.”

ಅವಳು ಫೋನ್ ಹಚ್ಚಿದಳು. ಎರಡನೇ ರಿಂಗಿಗೆ ಮಲ್ಲೇಶ ಎತ್ತಿದ.

“ಶ್... ಶಾಟ್ ನಡದೈತಿ,” ಎಂದು ಪಿಸುಗುಟ್ಟಿದ. “ನಮ್ಮ ನಸೀಬ ನೋಡು, ಆ ಕೊರಡೂ ಮತ್ತ ಬಂದೈತಿ.”

ಫೋನ್ ಕಟ್ಟಾಯಿತು.